ಹೆಸರು ಬಿಡಿ, ಕ್ರೀಕ್ ಹಿಡಿಯಿರಿ: ನೆಬ್ರಾಸ್ಕದ ಹಳೇ ಕುಟುಂಬವೊಂದರ ಬೇರು ಹುಡುಕುವ ಬಗೆ

ಅಮೆರಿಕದ ಹಳ್ಳಿಗಾಡಿನ ಕುಟುಂಬವೊಂದರ ಹಿಂದಿನ ತಲೆಮಾರುಗಳನ್ನು ಹುಡುಕಬೇಕು ಅಂದ ಕೂಡಲೇ ಎಲ್ಲರೂ ಸರ್‌ನೇಮ್ ಟೈಪ್ ಮಾಡುತ್ತಾರೆ. ಸಾವಿರಾರು ಜನ ಬಂದು ನಿಲ್ಲುತ್ತಾರೆ. ಜಾನ್ ಎಷ್ಟು ಜನ, ವಿಲಿಯಂ ಎಷ್ಟು ಜನ! ಅಪ್ಪನ ಹೆಸರೇ ಮಗನಿಗೆ, ಅದೇ ಹೆಸರು ಅಣ್ಣನ ಮಗನಿಗೂ. ಅರ್ಧ ದಿನ ಕಳೆಯುವಷ್ಟರಲ್ಲಿ ತಲೆ ಗಿರ್ ಅನ್ನುತ್ತದೆ.

ನಾನು ಕರ್ನಾಟಕದಲ್ಲಿ ಸರ್ವೇಯರ್ ಆಗಿದ್ದವನು. ಜನ ಹೆಸರು ಬದಲಾಯಿಸುತ್ತಾರೆ, ಊರು ಬಿಡುತ್ತಾರೆ, ವಯಸ್ಸು ಸುಳ್ಳು ಹೇಳುತ್ತಾರೆ. ಜಮೀನು ಮಾತ್ರ ಇದ್ದಲ್ಲೇ ಇರುತ್ತದೆ. ಈ ಅಭ್ಯಾಸ ಇಲ್ಲೂ ಉಪಯೋಗಕ್ಕೆ ಬಂತು. ಸೊಸೆ ನೆಬ್ರಾಸ್ಕದ ಗೇಜ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ರೈತರ ಮನೆಯ ಹುಡುಗಿ. ಬೀಗರ ಹಿರಿಯರು 1868ರಲ್ಲಿ ಅಲ್ಲಿನ ಒಂದು ಕ್ರೀಕಿನ, ಅಂದರೆ ಹಳ್ಳದ, ದಂಡೆಗೆ ಬಂದು ನೆಲೆ ನಿಂತವರು. ಲಿಂಕನ್ ಊರಿನ ಮಗನ ಮನೆಗೆ ಹೋದಾಗಲೆಲ್ಲ ನನಗೆ ಬಿಡುವೇ ಬಿಡುವು. "ಮೊಮ್ಮಗಳಿಗೆ ನಮ್ಮ ಕಡೆಯ ಕಥೆಯೂ ಗೊತ್ತಿರಲಿ, ನೀವೇ ಹುಡುಕಿ" ಅಂತ ಬೀಗಿತ್ತಿ ಕೆಲಸ ಹಚ್ಚಿದರು. ಅದರಿಂದ ಕಲಿತದ್ದನ್ನು, ಇಂಥದೇ ಕೆಲಸಕ್ಕೆ ಕೂತವರಿಗೆ ಅನುಕೂಲವಾಗಲಿ ಅಂತ ಬರೆಯುತ್ತಿದ್ದೇನೆ.

ಕ್ರೀಕ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಪ್ರೇರಿ ಅಂದರೆ ಹುಲ್ಲುಗಾವಲು. ಕಣ್ಣು ಹಾಯಿಸಿದಷ್ಟು ದೂರವೂ ಮರ ಇಲ್ಲ. ಕಾಟನ್‌ವುಡ್, ಎಲ್ಮ್, ಬರ್ ಓಕ್ ಮರಗಳು ಇದ್ದದ್ದು ಕ್ರೀಕಿನ ದಂಡೆಯಲ್ಲಿ ಮಾತ್ರ. ಮನೆಗೆ ತೊಲೆ, ಒಲೆಗೆ ಸೌದೆ, ದನಕ್ಕೆ ನೀರು, ಎಲ್ಲಕ್ಕೂ ಅದೇ ಗತಿ. ಹಾಗಾಗಿ ಮೊದಲು ಬಂದವರು ದಂಡೆಯ ಜಮೀನು ಹಿಡಿದರು, ಆಮೇಲೆ ಬಂದವರಿಗೆ ಮೇಲಿನ ಬಯಲು ಸಿಕ್ಕಿತು. ಯಾರು ಮೊದಲು, ಯಾರು ಆಮೇಲೆ ಅನ್ನುವುದು ನಕ್ಷೆ ನೋಡಿದರೇ ಅರ್ಧ ಗೊತ್ತಾಗುತ್ತದೆ.

ಆದರೆ ಬೇರ್ ಕ್ರೀಕ್, ಪ್ಲಮ್ ಕ್ರೀಕ್, ಇಂಡಿಯನ್ ಕ್ರೀಕ್ ಅಂತ ಒಂದೇ ಹೆಸರಿನ ಹಳ್ಳಗಳು ಎಲ್ಲೆಲ್ಲೂ ಇವೆ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ವಿಷಯ ಬರೆದುಕೊಳ್ಳಿ: ಕ್ರೀಕಿನ ಹೆಸರು, ಕೌಂಟಿ, ಅದು ಹೋಗಿ ಸೇರುವ ನದಿ. ಅಮೆರಿಕದ ಭೂವಿಜ್ಞಾನ ಸರ್ವೇ, ಅಂದರೆ ಯುಎಸ್‌ಜಿಎಸ್, ಇಟ್ಟಿರುವ ಸ್ಥಳನಾಮಗಳ ಪಟ್ಟಿಯಲ್ಲಿ ಹುಡುಕಿದರೆ ಇದು ಸಿಗುತ್ತದೆ. ಅವರದೇ ಟೋಪೋವ್ಯೂ ತಾಣದಲ್ಲಿ ಹಳೆಯ ನಕ್ಷೆಗಳು ಪುಕ್ಕಟೆ. ಆದಷ್ಟು ಹಳೆಯದನ್ನೇ ಇಳಿಸಿಕೊಳ್ಳಿ. ಎಷ್ಟೋ ಕ್ರೀಕುಗಳನ್ನು ಆಮೇಲೆ ನೆಟ್ಟಗೆ ತೋಡಿದ್ದಾರೆ, ಈಗಿನ ಹರಿವು ಆಗಿನದಲ್ಲ.

ಸೆಕ್ಷನ್ ಲೆಕ್ಕ

ಇದನ್ನು ಕಲಿಯದೆ ಮುಂದೆ ಹೋಗಬೇಡಿ. ಕಷ್ಟವೇನೂ ಇಲ್ಲ.

1785ರ ಭೂ ಕಾನೂನಿನಿಂದ ಶುರುವಾದ ಪದ್ಧತಿ ಇದು. ನೆಲವನ್ನೆಲ್ಲ ಚೌಕ ಚೌಕವಾಗಿ ಅಳೆದರು. ಆರು ಮೈಲಿ ಉದ್ದ, ಆರು ಮೈಲಿ ಅಗಲದ್ದು ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್. ಒಂದು ಸೆಕ್ಷನ್ ಅಂದರೆ ಒಂದು ಚದರ ಮೈಲಿ, 640 ಎಕರೆ. ಅದರ ಕಾಲು ಭಾಗ ಕ್ವಾರ್ಟರ್, 160 ಎಕರೆ. ಕ್ವಾರ್ಟರಿನ ಕಾಲು ಭಾಗಕ್ಕೆ ರೈತರು ಸುಮ್ನೆ 'ಫಾರ್ಟಿ' ಅನ್ನುತ್ತಾರೆ. ಅಳೆದದ್ದು 66 ಅಡಿಯ ಸರಪಳಿಯಲ್ಲಿ. ನಮ್ಮ ಗುಂಟೆ 33 ಅಡಿ ಚದರ ಅಲ್ವಾ? ಅವರ ಒಂದು ಚದರ ಸರಪಳಿಗೆ ನಮ್ಮ ನಾಲ್ಕು ಗುಂಟೆ ಸರಿಯಾಗಿ ಕೂರುತ್ತದೆ. ಇದನ್ನು ನೋಡಿದ ದಿನ ನನಗೆ ತವರು ಮನೆಗೆ ಬಂದಷ್ಟು ಖುಷಿಯಾಯಿತು.

ಸೆಕ್ಷನ್ ನಂಬರುಗಳು ಎತ್ತು ಉಳುವ ಹಾಗೆ ಹೋಗುತ್ತವೆ. ಈಶಾನ್ಯ ಮೂಲೆಯಲ್ಲಿ 1, ಅಲ್ಲಿಂದ ಪಶ್ಚಿಮಕ್ಕೆ 6ರ ತನಕ. ಕೆಳಗಿನ ಸಾಲು ತಿರುಗಿ ಪೂರ್ವಕ್ಕೆ, 7ರಿಂದ 12. ಹೀಗೇ 36ರ ತನಕ. ಹಾಗಾಗಿ 26ನೇ ಸೆಕ್ಷನ್ನಿನ ಅಕ್ಕಪಕ್ಕ 25 ಮತ್ತು 27 ಇದ್ದರೆ, ಮೇಲೆ 23, ಕೆಳಗೆ 35. ನಿಮ್ಮ ಕುಟುಂಬ 26ರಲ್ಲಿ ಇತ್ತು ಅಂದರೆ ಈ ನಾಲ್ಕರಲ್ಲೂ ಯಾರಿದ್ದರು ಅಂತ ನೋಡಲೇಬೇಕು. ಸೊಸೆ ಬಂದದ್ದು ಅಲ್ಲಿಂದ, ಸಾಲ ತಂದದ್ದು ಅಲ್ಲಿಂದ, ಸಾಕ್ಷಿಗೆ ಕರೆದದ್ದು ಅಲ್ಲಿಂದ.

26 ಅಂತ ಸುಮ್ನೆ ಹೇಳಲಿಲ್ಲ. ಗೇಜ್ ಕೌಂಟಿಯ ಬಿಯಾಟ್ರಿಸ್ ಊರಿನ ಹತ್ತಿರ, ಟೌನ್‌ಶಿಪ್ 4 ನಾರ್ತ್, ರೇಂಜ್ 5 ಈಸ್ಟ್ (ಅಂದರೆ ಅಳತೆಯ ಮೂಲಗೆರೆಗಳಿಂದ ಉತ್ತರಕ್ಕೆ ನಾಲ್ಕನೇ, ಪೂರ್ವಕ್ಕೆ ಐದನೇ ಟೌನ್‌ಶಿಪ್), ಸೆಕ್ಷನ್ 26ರಲ್ಲಿ ಡೇನಿಯಲ್ ಫ್ರೀಮನ್ ಅನ್ನುವವನ ಜಮೀನಿತ್ತು. ನೆಲೆ ನಿಂತು ಉಳುವವರಿಗೆ ಸರ್ಕಾರಿ ಜಮೀನು ಕೊಡುವ ಹೋಮ್‌ಸ್ಟೆಡ್ ಕಾಯ್ದೆಗೆ ಅಧ್ಯಕ್ಷ ಲಿಂಕನ್ ಸಹಿ ಹಾಕಿದ್ದು 1862ರ ಮೇ 20ಕ್ಕೆ, ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಆ ದಿನವೇ ಬ್ರೌನ್‌ವಿಲ್‌ನ ಲ್ಯಾಂಡ್ ಆಫೀಸಿನಲ್ಲಿ ಅರ್ಜಿ ಹಾಕಿದವನು ಇವನು. ದೇಶದ ಮೊದಲ ಹೋಮ್‌ಸ್ಟೆಡರ್ ಅಂತ ಹೇಳುವುದು ಇವನನ್ನೇ. ಈಗ ಆ ಜಮೀನು ರಾಷ್ಟ್ರೀಯ ಐತಿಹಾಸಿಕ ಉದ್ಯಾನ, ಒಳಗೇ ಕಬ್ ಕ್ರೀಕ್ ಹರಿಯುತ್ತದೆ. ಅವನ 160 ಎಕರೆ ಒಂದು ಚೌಕ ಅಲ್ಲ. ಸಾಲಾಗಿ ಮೂರು ಫಾರ್ಟಿ, ನಡುವಿನದರ ತಲೆಯ ಮೇಲೆ ಇನ್ನೊಂದು. ನಿಮ್ಮ ಕುಟುಂಬದ ಜಮೀನು ಹೀಗೆ ಸೊಟ್ಟಂಬಟ್ಟ ಇದ್ದರೆ ಅದನ್ನು ಕ್ರೀಕಿನ ನಕ್ಷೆಯ ಮೇಲಿಟ್ಟು ನೋಡಿ. ನೀರು, ಮರ ಎರಡೂ ಒಳಗೆ ಬರುವ ಹಾಗೆ ಆಯ್ದುಕೊಂಡಿದ್ದು ಎಷ್ಟೋ ಸಲ ಅಲ್ಲೇ ಕಾಣುತ್ತದೆ.

ಒಂದು ಎಚ್ಚರಿಕೆ. ಈ ಚೌಕದ ಪದ್ಧತಿ 30 ರಾಜ್ಯಗಳಲ್ಲಿ ಮಾತ್ರ. ಕೆಂಟಕಿ, ಟೆನೆಸಿ, ವರ್ಜೀನಿಯಾ ಕಡೆಯವರಾದರೆ ಬೇರೆ ಲೆಕ್ಕ. ಅಲ್ಲಿ "ಕ್ರೀಕಿನ ದಂಡೆಯ ಬಿಳಿ ಓಕ್ ಮರದಿಂದ ಶುರು, ಹಳ್ಳದ ಗುಂಟ ಮೇಲಕ್ಕೆ ಇಷ್ಟು ಪೋಲ್" ಅಂತ ಪತ್ರದಲ್ಲಿರುತ್ತದೆ. ಒಂದು ಪೋಲ್ ಹದಿನಾರೂವರೆ ಅಡಿ. ಅದನ್ನು ಕಾಗದದ ಮೇಲೆ ಗೆರೆ ಎಳೆದು ಜೋಡಿಸಬೇಕು, ಅಕ್ಕಪಕ್ಕದ ಪತ್ರಗಳೂ ಬೇಕು. ಕೆಲಸ ಜಾಸ್ತಿ, ಮಜಾನೂ ಜಾಸ್ತಿ.

ಪೇಟೆಂಟ್ ಅಲ್ಲ, ಅದರ ಹಿಂದಿನ ಫೈಲ್

ಸರ್ಕಾರ ಮೊದಲ ಸಲ ಜಮೀನು ಬರೆದುಕೊಟ್ಟ ಪತ್ರಕ್ಕೆ ಲ್ಯಾಂಡ್ ಪೇಟೆಂಟ್ ಅನ್ನುತ್ತಾರೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಇದನ್ನೆಲ್ಲ ತನ್ನ ತಾಣದಲ್ಲಿ ಪುಕ್ಕಟೆ ಇಟ್ಟಿದೆ. ಹೆಸರು ಹಾಕಿ ಹುಡುಕುವುದು ಒಂದೇ ಸಲ ಸಾಕು. ಸೆಕ್ಷನ್ ಸಿಕ್ಕ ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟು ಟೌನ್‌ಶಿಪ್, ರೇಂಜ್, ಸೆಕ್ಷನ್ ಮಾತ್ರ ಹಾಕಿ. ಆ ಚದರ ಮೈಲಿಯಲ್ಲಿ ಪೇಟೆಂಟ್ ಪಡೆದವರೆಲ್ಲ ಬರುತ್ತಾರೆ. ಸುತ್ತಲಿನ ಎಂಟು ಸೆಕ್ಷನ್ನಿಗೂ ಹಾಗೇ ಮಾಡಿ. ದೊಡ್ಡ ಹಾಳೆಯಲ್ಲಿ ಚೌಕ ಬರೆದು ಹೆಸರು, ತಾರೀಖು ತುಂಬಿ, ಮೇಲೆ ನೀಲಿ ಪೆನ್ಸಿಲ್ಲಿನಿಂದ ಕ್ರೀಕ್ ಎಳೆಯಿರಿ. ಈ ಒಂದು ಹಾಳೆ ಕೊನೆಯ ತನಕ ಕೈಯಲ್ಲಿರಬೇಕು. ಅದೇ ತಾಣದಲ್ಲಿ ಆಗಿನ ಸರ್ವೇ ನಕ್ಷೆಗಳೂ ಇವೆ. ಗೆರೆ ಎಲ್ಲಿ ಕ್ರೀಕನ್ನು ದಾಟಿತು, ಎಲ್ಲಿ ಮರ ಇತ್ತು ಅನ್ನುವುದನ್ನು ಸರ್ವೇಯರ್ ಗುರುತು ಮಾಡಿರುತ್ತಾನೆ. ಕೆಲವು ಕಡೆ ಆಗಲೇ ಕಟ್ಟಿದ್ದ ಗುಡಿಸಲು, ಉತ್ತ ಹೊಲ ಕೂಡ.

ಪೇಟೆಂಟಿನಲ್ಲಿ ಹೆಸರು, ಜಮೀನು, ತಾರೀಖು ಬಿಟ್ಟರೆ ಏನೂ ಇಲ್ಲ. ತುಂಬ ಜನ ಅದನ್ನೇ ಫ್ರೇಮ್ ಹಾಕಿಸಿ ಸುಮ್ಮನಾಗುತ್ತಾರೆ. ಕಥೆ ಇರುವುದು ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಲ್ಯಾಂಡ್ ಎಂಟ್ರಿ ಫೈಲಿನಲ್ಲಿ. ಪೇಟೆಂಟಿನ ವಿವರ ಬರೆದು ಎನ್‌ಎಟಿಎಫ್ 84 ಅನ್ನುವ ಫಾರಂ ಹಾಕಿದರೆ ನಕಲು ಕಳಿಸುತ್ತಾರೆ. ನೆಬ್ರಾಸ್ಕದ ಹೋಮ್‌ಸ್ಟೆಡ್ ಫೈಲುಗಳು ಫೋಲ್ಡ್3 ತಾಣದಲ್ಲೂ ಇವೆ.

ಕಾಯ್ದೆ ಪ್ರಕಾರ 160 ಎಕರೆ ಸಿಗಬೇಕಾದರೆ ಐದು ವರ್ಷ ಅಲ್ಲೇ ವಾಸ ಮಾಡಿ, ಉತ್ತು ಬಿತ್ತಿ, ಇಬ್ಬರು ಸಾಕ್ಷಿಗಳನ್ನು ಕರೆತಂದು ರುಜುವಾತು ಮಾಡಬೇಕು. ಇದಕ್ಕೆ 'ಪ್ರೂವ್ ಅಪ್' ಅನ್ನುತ್ತಾರೆ. ನಮ್ಮ ಬೀಗರ ಫೈಲಿನಲ್ಲಿ ಆ ಹೇಳಿಕೆ ಇದೆ. ಮರದ ದಿಮ್ಮಿಯ ಮನೆ, 14 ಅಡಿಗೆ 18 ಅಡಿ. ಒಂದು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ. ದನದ ಕೊಟ್ಟಿಗೆ, ಬಾವಿ, ಉತ್ತ ನೆಲ 25 ಎಕರೆ, ಸೇಬಿನ ಗಿಡ 40. ಮನೆಯಲ್ಲಿ ಹೆಂಡತಿ ಮತ್ತು ಐದು ಮಕ್ಕಳು. ಕೆಳಗೆ ಎರಡು ಸಾಕ್ಷಿ. ಒಬ್ಬ ಸಹಿ ಹಾಕಿದ್ದಾನೆ, ಇನ್ನೊಬ್ಬ ಅಡ್ಡಗೀಟು. ಆ ಅಡ್ಡಗೀಟಿನವನು ಯಾರು ಅಂತ ನನ್ನ ಹಾಳೆಯಲ್ಲಿ ನೋಡಿದರೆ ಕ್ರೀಕಿನಾಚೆಯ ಫಾರ್ಟಿಯವನು. ಸಾಕ್ಷಿ ಅಂದರೆ ದಾರಿಯಲ್ಲಿ ಹೋಗುವವನಲ್ಲ, ಭಾವನೋ ಷಡ್ಕನೋ ಆಗಿರುವ ಸಂಭವವೇ ಜಾಸ್ತಿ. ಇವನು ಹೆಂಡತಿಯ ಅಣ್ಣ. ಮನೆಯ ಯಾವ ಕಾಗದದಲ್ಲೂ ಇಲ್ಲದ ಅಜ್ಜಿಯ ತವರಿನ ಸರ್‌ನೇಮ್ ಸಿಕ್ಕಿದ್ದು ಇವನ ಬೆನ್ನು ಹತ್ತಿದ್ದಕ್ಕೆ.

ಬೇರೆ ದೇಶದಿಂದ ಬಂದವನಾಗಿದ್ದರೆ ಫೈಲಿನಲ್ಲಿ ಪೌರತ್ವದ ಕಾಗದವೂ ಇರುತ್ತದೆ, ಕನಿಷ್ಠ ಪೌರನಾಗುತ್ತೇನೆ ಅನ್ನುವ ಘೋಷಣೆ. ಗಂಡನಿಲ್ಲದ ಹೆಂಗಸರೂ, ಮದುವೆಯಾಗದ ಹೆಣ್ಣುಮಕ್ಕಳೂ ತಮ್ಮ ಹೆಸರಿನಲ್ಲೇ ಹೋಮ್‌ಸ್ಟೆಡ್ ಹಿಡಿಯಬಹುದಿತ್ತು, ಆದ್ದರಿಂದ ಗಂಡಸರ ಹೆಸರು ಮಾತ್ರ ಹುಡುಕಬೇಡಿ. 1879ರಿಂದ ರುಜುವಾತಿಗೆ ಮುಂಚೆ ಪತ್ರಿಕೆಯಲ್ಲಿ ನೋಟೀಸು ಹಾಕಿಸಿ ಸಾಕ್ಷಿಗಳ ಹೆಸರು ಕೊಡಬೇಕಿತ್ತು. ಆ ನೋಟೀಸುಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹದಲ್ಲಿ ಹುಡುಕಬಹುದು.

ಅರ್ಜಿ ಹಾಕಿ ಅರ್ಧಕ್ಕೆ ಬಿಟ್ಟು ಹೋದವರು ತುಂಬ. ಅವರಿಗೆ ಪೇಟೆಂಟ್ ಇಲ್ಲ, ಫೈಲ್ ಇದೆ. ಅವರನ್ನು ಟ್ರ್ಯಾಕ್ಟ್ ಬುಕ್ ಅನ್ನುವ ರಿಜಿಸ್ಟರಿನಲ್ಲಿ ನೋಡಬೇಕು. ಫ್ಯಾಮಿಲಿಸರ್ಚ್ ತಾಣದಲ್ಲಿದೆ, ಖಾತೆ ತೆರೆಯಲು ದುಡ್ಡಿಲ್ಲ.

ಅವರಿಗಿಂತ ಮೊದಲು ಇದ್ದವರು

'ಮೊದಲ ನೆಲೆಗಾರರು' ಅಂತ ಬೀಗರ ಮನೆಯಲ್ಲಿ ಎಲ್ಲರೂ ಅನ್ನುತ್ತಾರೆ. ಜಮೀನಿನ ದಾಖಲೆ ನೋಡಿದವನಿಗೆ ಹಾಗನ್ನಲು ಬರುವುದಿಲ್ಲ. ಗೇಜ್ ಕೌಂಟಿಯ ದಕ್ಷಿಣದಲ್ಲಿ, ಬಿಗ್ ಬ್ಲೂ ನದಿಯ ಮೇಲೆ, ಓಟೋ ಮತ್ತು ಮಿಸ್ಸೂರಿಯಾ ಜನರ ಮೀಸಲು ಪ್ರದೇಶ ಇತ್ತು. 1854ರ ಒಪ್ಪಂದದಲ್ಲಿ ದೊಡ್ಡ ನಾಡನ್ನೇ ಬಿಟ್ಟುಕೊಟ್ಟ ಮೇಲೆ ಅವರಿಗೆ ಉಳಿದದ್ದು ಅಷ್ಟು. ಅದನ್ನೂ 1876 ಮತ್ತು 1881ರ ಕಾನೂನುಗಳಿಂದ ತುಂಡು ಮಾಡಿ ಮಾರಿದರು. ಜನ ಇಂಡಿಯನ್ ಟೆರಿಟರಿಗೆ, ಈಗಿನ ಓಕ್ಲಹೋಮಾಕ್ಕೆ ಹೋಗಬೇಕಾಯಿತು. ಬುಡಕಟ್ಟಿನ ಆಡಳಿತ ಈಗಲೂ ಅಲ್ಲಿನ ರೆಡ್ ರಾಕ್‌ನಲ್ಲಿದೆ.

ಹುಡುಕುವವರಿಗೆ ಇದರಿಂದ ನೇರ ಉಪಯೋಗವೂ ಇದೆ. ಜಮೀನು ಆ ಮೀಸಲು ಪ್ರದೇಶದೊಳಗೆ ಬಿದ್ದಿದ್ದರೆ ಅಲ್ಲಿ ಹೋಮ್‌ಸ್ಟೆಡ್ ಫೈಲಿಗಾಗಿ ತಡಕಾಡಬೇಡಿ, ಅದು ದುಡ್ಡು ಕೊಟ್ಟು ಕೊಂಡ ಜಮೀನು. ಕುಟುಂಬದ ಚರಿತ್ರೆಯ ಮೊದಲ ಪುಟದಲ್ಲಿ ನಾನು ಬರೆದದ್ದು ಓಟೋ ಜನರ ವಿಷಯ. ಬೀಗರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ "ಇರಲಿ, ಸರಿಯಾಗಿದೆ" ಅಂದರು.

ಸೆನ್ಸಸ್ ಓದುವಾಗ

ಜನಗಣತಿ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ. 1840ರ ತನಕ ಮನೆ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಅಂಕಿ. 1850ರಿಂದ ಮನೆಯಲ್ಲಿದ್ದ ಸ್ವತಂತ್ರರೆಲ್ಲರ ಹೆಸರಿದೆ. ಗುಲಾಮರಾಗಿದ್ದವರ ಪಟ್ಟಿ 1850, 1860ರಲ್ಲಿ ಬೇರೆ, ಅದರಲ್ಲಿ ಒಡೆಯನ ಹೆಸರಿದೆ, ಇವರ ಹೆಸರು ಇಲ್ಲವೆಂದೇ ಹೇಳಬೇಕು. ಅವರ ವಂಶದವರಿಗೆ ಹೆಸರು ಸಮೇತ ಸಿಗುವುದು 1870ರಿಂದ. 1880ರಲ್ಲಿ ಯಜಮಾನನಿಗೆ ಏನಾಗಬೇಕು ಅನ್ನುವುದೂ, ಅಪ್ಪ ಅಮ್ಮ ಹುಟ್ಟಿದ ಜಾಗವೂ ಇದೆ.

1890ರದ್ದು ಹೆಚ್ಚುಕಡಿಮೆ ಎಲ್ಲ ಹೋಗಿದೆ. 1921ರಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಹಾಳಾಯಿತು. ನೆಬ್ರಾಸ್ಕದವರ ಅದೃಷ್ಟ ಅಂದರೆ ಇಲ್ಲಿ 1885ರಲ್ಲಿ ಇನ್ನೊಂದು ಗಣತಿ ಆಗಿದೆ. ಅದರ ಜತೆಗೆ ಹಿಂದಿನ ವರ್ಷದಲ್ಲಿ ತೀರಿಕೊಂಡವರ ಪಟ್ಟಿ, ಬೆಳೆ ಮತ್ತು ದನಕರುಗಳ ಪಟ್ಟಿಯೂ ಇದೆ.

ಗಣತಿಯವನು ಕುದುರೆ ಮೇಲೋ ಗಾಡಿಯಲ್ಲೋ ಮನೆಯಿಂದ ಮನೆಗೆ ಹೋಗುತ್ತಿದ್ದ. ಕ್ರೀಕಿನ ಊರಿನಲ್ಲಿ ದಾರಿ ಕ್ರೀಕಿನ ಗುಂಟವೇ. ಹಾಗಾಗಿ ನಿಮ್ಮ ಕುಟುಂಬದ ಮೇಲಿನ ಹತ್ತು ಮನೆ, ಕೆಳಗಿನ ಹತ್ತು ಮನೆ, ಎಲ್ಲವನ್ನೂ ಬರೆದುಕೊಳ್ಳಿ. ನಿಮ್ಮವರ ಒಂದೇ ಸಾಲನ್ನು ಕತ್ತರಿಸಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಜಮೀನಿನ ಹಾಳೆಯ ಹೆಸರುಗಳು ಅದೇ ಸರದಿಯಲ್ಲಿ ಇಲ್ಲಿಯೂ ಬಂದರೆ ಸರಿಯಾದ ಜಾನ್ ಸಿಕ್ಕಿದ ಅಂತ ಅರ್ಥ. ಹೆಸರಿನ ಸ್ಪೆಲ್ಲಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕಿವಿಗೆ ಕೇಳಿದ್ದನ್ನು ಬರೆದಿದ್ದಾರೆ. ಉಚ್ಚಾರದ ಮೇಲೆ ಹುಡುಕುವ ಸೌಂಡೆಕ್ಸ್ ಅನ್ನುವ ಪದ್ಧತಿಯಲ್ಲಿ ಸ್ಮಿತ್‌ಗೂ ಶ್ಮಿಟ್‌ಗೂ ಒಂದೇ ಸಂಕೇತ, ಎಸ್530.

1900ರ ಗಣತಿಯಲ್ಲಿ ಒಂದು ಕಾಲಂ ಇದೆ: ತಾಯಿಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು. ನಮ್ಮ ಬೀಗರ ಮುತ್ತಜ್ಜಿಯ ಮುಂದೆ 9, 6 ಅಂತಿದೆ. ಮನೆಯವರಿಗೆ ಗೊತ್ತಿದ್ದದ್ದು ಏಳು ಮಕ್ಕಳ ವಿಷಯ. ಉಳಿದಿಬ್ಬರಲ್ಲಿ ಒಂದು ಕೂಸು 1885ರ ಸಾವಿನ ಪಟ್ಟಿಯಲ್ಲಿ ಸಿಕ್ಕಿತು. ಇನ್ನೊಂದಕ್ಕೆ ಕಲ್ಲೂ ಇಲ್ಲ, ಕಾಗದವೂ ಇಲ್ಲ. ವಂಶವೃಕ್ಷದಲ್ಲಿ ಅದಕ್ಕೊಂದು ಖಾಲಿ ಚೌಕ ಬಿಟ್ಟಿದ್ದೇನೆ. ನೆಬ್ರಾಸ್ಕ ರಾಜ್ಯ ಜನನ ಮರಣ ದಾಖಲೆ ಶುರು ಮಾಡಿದ್ದು 1904ರಲ್ಲಿ, ಅದಕ್ಕಿಂತ ಹಿಂದಿನದಕ್ಕೆ ಇಂಥ ಅಡ್ಡದಾರಿಗಳೇ ಗತಿ.

ಕೌಂಟಿ ಕಚೇರಿ, ಸ್ಮಶಾನ, ಇತ್ಯಾದಿ

ಸರ್ಕಾರದಿಂದ ಬಂದ ಮೇಲೆ ಜಮೀನು ಕೈಯಿಂದ ಕೈಗೆ ಹೋದದ್ದೆಲ್ಲ ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಹತ್ತಿರ ಇರುತ್ತದೆ. ನೆಬ್ರಾಸ್ಕದಲ್ಲಿ ನ್ಯೂಮರಿಕಲ್ ಇಂಡೆಕ್ಸ್ ಅಂತ ಕೇಳಿ. ಹೆಸರಿನ ಮೇಲಲ್ಲ, ಸೆಕ್ಷನ್ ಮೇಲೆ ಬರೆದ ಪಟ್ಟಿ ಅದು. ಒಂದು ಪುಟದಲ್ಲಿ ಆ ತುಂಡು ಜಮೀನಿನ ಜಾತಕವೇ ಇರುತ್ತದೆ. ಮಾರಿದ ಪತ್ರದಲ್ಲಿ ಹೆಂಡತಿಯ ಹೆಸರೂ ಸಹಿಯೂ ಇದೆಯೇ ನೋಡಿ. ಎರಡನೇ ಹೆಂಡತಿ ಬಂದದ್ದು ಹೀಗೇ ಗೊತ್ತಾಗುವುದು.

ಯಜಮಾನ ತೀರಿಕೊಂಡ ಮೇಲಿನ ಪ್ರೊಬೇಟ್, ಅಂದರೆ ಆಸ್ತಿ ಇತ್ಯರ್ಥದ, ಫೈಲನ್ನು ಕೌಂಟಿ ಕೋರ್ಟಿನಲ್ಲಿ ಕೇಳಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಗಂಡಂದಿರ ಸರ್‌ನೇಮ್ ಸಹಿತ ಸಿಗುವ ಜಾಗ ಅದು. ಹರಾಜಿನ ಪಟ್ಟಿ ಇದ್ದರೆ ಬಿಡಬೇಡಿ. ನೇಗಿಲು ಯಾರು ಕೊಂಡರು, ಹಸು ಯಾರು ಹೊಡೆದುಕೊಂಡು ಹೋದರು, ಎಲ್ಲ ಆ ಕ್ರೀಕಿನವರೇ.

ಸ್ಮಶಾನಕ್ಕೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಹೋಗಿ, ಸವೆದ ಅಕ್ಷರ ಎದ್ದು ಕಾಣುತ್ತದೆ. ಒಂದು ಕನ್ನಡಿ ಒಯ್ದರೆ ನೆರಳಿನಲ್ಲೂ ಬೆಳಕು ತಿರುಗಿಸಬಹುದು. ತೊಳೆಯಬೇಕೆಂದರೆ ಬರೀ ನೀರು, ಮೆತ್ತನೆ ಬ್ರಷ್. ಶೇವಿಂಗ್ ಕ್ರೀಮ್ ಬಳಿಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಕಲ್ಲು ಹಾಳಾಗುತ್ತದೆ. ಹಳೆ ಕಲ್ಲಿನ ಮೇಲೆ ಎಷ್ಟೋ ಸಲ ಹುಟ್ಟಿದ ದಿನ ಇರುವುದಿಲ್ಲ, ಇಷ್ಟು ವರ್ಷ ಇಷ್ಟು ತಿಂಗಳು ಇಷ್ಟು ದಿನ ಬದುಕಿದ ಅಂತ ಇರುತ್ತದೆ. ಕಳೆದು ಲೆಕ್ಕ ಹಾಕಿ. ಕಲ್ಲಿನ ಚಿತ್ರ ತೆಗೆಯುವಾಗ ಅಕ್ಕಪಕ್ಕದ ಕಲ್ಲುಗಳನ್ನೂ ತೆಗೆಯಿರಿ.

ಡಿಎನ್‌ಎ ಪರೀಕ್ಷೆ ಬೇಕಾದವರು ಮಾಡಿಸಲಿ. ಕ್ರೀಕಿನ ಊರಿನಲ್ಲಿ ಅಲ್ಲಲ್ಲೇ ಕೊಟ್ಟು ತಂದಿರುವುದರಿಂದ ಎಲ್ಲರಿಗೂ ಎಲ್ಲರೂ ನಂಟರಾಗಿಯೇ ಬರುತ್ತಾರೆ, ಕಾಗದವಿಲ್ಲದೆ ಅದೊಂದೇ ಸಾಲದು. ಬೇರೆಯವರು ನೆಟ್‌ನಲ್ಲಿ ಹಾಕಿದ ವಂಶವೃಕ್ಷವನ್ನು ಸುಳಿವಾಗಿ ಮಾತ್ರ ಬಳಸಿ. ನೂರು ವೃಕ್ಷಗಳಲ್ಲಿ ಒಂದೇ ತಾರೀಖು ಇದ್ದರೆ, ಒಬ್ಬರದನ್ನು ತೊಂಬತ್ತೊಂಬತ್ತು ಜನ ನಕಲು ಮಾಡಿರಬಹುದು. "ಮೂವರು ಅಣ್ಣತಮ್ಮಂದಿರು ಹಡಗಿನಲ್ಲಿ ಬಂದರು" ಅನ್ನುವ ಕಥೆ ನಿಮ್ಮ ಕುಟುಂಬದಲ್ಲೂ ಇರುತ್ತದೆ. ಇಲ್ಲಿ ಯಾರ ಮನೆಯಲ್ಲಿ ಕೇಳಿದರೂ ಮೂವರೇ ಬಂದಿರುವುದು!

ಹಿರಿಯರ ಹತ್ತಿರ ಕೂತಾಗ

ಜಮೀನಿನ ಹಾಳೆ ತಯಾರಾದ ಮೇಲೆಯೇ ಹೋಗಿ. "ನಿಮ್ಮ ಮುತ್ತಾತನ ಬಗ್ಗೆ ಹೇಳಿ" ಅಂದರೆ "ಒಳ್ಳೆಯವರು, ಕಷ್ಟಪಟ್ಟರು" ಅನ್ನುವಲ್ಲಿಗೆ ಮುಗಿಯುತ್ತದೆ. ಹಾಳೆ ಹಾಸಿ ಜಾಗದ ಪ್ರಶ್ನೆ ಕೇಳಿ. ಕ್ರೀಕ್ ತುಂಬಿದಾಗ ಸ್ಕೂಲಿಗೆ ಎಲ್ಲಿ ದಾಟುತ್ತಿದ್ದಿರಿ? ಒಕ್ಕಣೆಗೆ ಯಾರ ಯಾರ ಮನೆಯವರು ಬರುತ್ತಿದ್ದರು? ಯಾರ ಮನೆಗೆ ಹೋಗುತ್ತಿರಲಿಲ್ಲ?

ಕೊನೆಯ ಪ್ರಶ್ನೆಗೆ ಸೊಸೆಯ ಅಜ್ಜಿ ಕನ್ನಡಕ ಏರಿಸಿಕೊಂಡು ಹಾಳೆಯ ಮೇಲೆ ಬೆರಳಿಟ್ಟರು, ಸರಿಯಾಗಿ 35ನೇ ಸೆಕ್ಷನ್ನಿನ ಮೇಲೆ. ಬೇಲಿ ಜಗಳ, ಕೋರ್ಟಿಗೂ ಹೋಗಿತ್ತಂತೆ. ಕೋರ್ಟಿಗೆ ಹೋಗಿದ್ದರೆ ಫೈಲ್ ಇರಲೇಬೇಕು, ಇತ್ತು. ಎರಡೂ ಕಡೆಯ ಸಾಕ್ಷಿಗಳು ತಮ್ಮ ವಯಸ್ಸು, ಎಷ್ಟು ವರ್ಷದಿಂದ ಕ್ರೀಕಿನಲ್ಲಿದ್ದೇವೆ ಅನ್ನುವುದನ್ನು ಪ್ರಮಾಣ ಮಾಡಿ ಹೇಳಿದ್ದಾರೆ. ಜಗಳಗಂಟ ಪೂರ್ವಜರು ಹುಡುಕುವವರಿಗೆ ತುಂಬ ಉಪಕಾರಿಗಳು.

ಹಳೆಯ ಫೋಟೋ ಕೊಟ್ಟರೆ ಅಲ್ಲೇ ಸ್ಕ್ಯಾನ್ ಮಾಡಿ ವಾಪಸ್ ಕೊಡಿ. ಯಾರು ಯಾರು ಅಂತ ಅವರು ಹೇಳಿದ್ದನ್ನು ಹಿಂಬದಿ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್ಲಿನಿಂದ ಬರೆಯಿರಿ, ಪೆನ್ನು ಬೇಡ. ಬರೆದಿಡುವಾಗ ಬದುಕಿರುವವರ ಹುಟ್ಟಿದ ದಿನ, ವಿಳಾಸ ಹಾಕಬೇಡಿ. ಗಣತಿ ಪುಸ್ತಕಗಳಿಗೂ 72 ವರ್ಷ ಬೀಗ ಇರುತ್ತದೆ. 1950ರದ್ದು 2022ರ ಏಪ್ರಿಲ್ 1ಕ್ಕೆ ತೆರೆಯಿತು, 1960ರದ್ದಕ್ಕೆ 2032ರ ಏಪ್ರಿಲ್ ತನಕ ಕಾಯಬೇಕು. ಆ ನಡುವಿನ ವರ್ಷಗಳನ್ನು ಅಜ್ಜಿಯಂದಿರನ್ನು ಕೇಳಿಯೇ ತುಂಬಿಸಬೇಕು, ಆದಷ್ಟು ಬೇಗ.